ಹತ್ತಿ ಕೋಣೆಯ ತೊಟ್ಟಿಲು

ಆದವಾನಿಯ ನಮ್ಮ ತವರುಮನೆಗೆ ಬಾಣಂತಿ, ಕೂಸುಗಳಿಗೆ ನೀರೆರೆಯಲು ಬರುತ್ತಿದ್ದವಳು ಬಸವಕ್ಕ. ಮದ್ದಿಕೇರ ಕಡೆಯ ಕುರಿಗಾರರ ಮನೆಯ ಹೆಣ್ಣು. ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ಓದು ಬರಹ ಇರಲಿಲ್ಲ. ಇದ್ದಿದ್ದರೆ ಊರಿನ ದೊಡ್ಡವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಳು.

ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ನಾನು ಚೊಚ್ಚಲ ಬಾಣಂತಿ. ನಮ್ಮಪ್ಪ ಮರಿಬಸಪ್ಪ ಹತ್ತಿ ವ್ಯಾಪಾರಿ. ಮೊಮ್ಮಗನಿಗೆ ಗಾಳಿ ಸೋಕಬಾರದೆಂದು ತೊಟ್ಟಿಲನ್ನು ಹತ್ತಿ ತುಂಬಿದ ಒಳಕೋಣೆಯಲ್ಲಿ ಕಟ್ಟಿಸಿದ್ದರು. ಅದಕ್ಕಿಂತ ಬೆಚ್ಚಗಿನ ಜಾಗ ಊರಲ್ಲೇ ಇಲ್ಲವೆಂದು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದರು.

ತಿಂಗಳು ತುಂಬುವ ಹೊತ್ತಿಗೆ ಕೂಸಿಗೆ ನೆಗಡಿಯಾಯಿತು. ಮೂಗು ಗೊರಗೊರ. ಎರಡು ಗುಟುಕು ಕುಡಿದು ಮೊಲೆ ಬಿಟ್ಟು ಅಳುವುದು, ಮತ್ತೆ ಹಿಡಿಯುವುದು, ಮತ್ತೆ ಅಳುವುದು. ಅವ್ವ ಬಾಗಿಲು ಹಾಕಿ ಸಾಂಬ್ರಾಣಿ ಹೊಗೆ ಹಾಕಿದಳು. ಅಳು ಇನ್ನೂ ಹೆಚ್ಚಿತು. ತಾಯಿಯ ಹಾಲೇ ಕೆಟ್ಟಿರಬೇಕು ಎಂದು ಪಕ್ಕದ ಮನೆಯವರೊಬ್ಬರು ಅಂದುಬಿಟ್ಟರು. ಕೂಸು ಹಸಿದು ಸೊರಗಿಹೋದೀತೆಂದು ನನ್ನ ಜೀವವೇ ಬಾಯಿಗೆ ಬಂದಿತ್ತು.

ಬೆಳಿಗ್ಗೆ ಬಂದ ಬಸವಕ್ಕ ಮೊದಲು ಕೂಸಿನ ಅಂಗಿ ಎತ್ತಿ ಪಕ್ಕೆ ನೋಡಿದಳು.

“ಪಕ್ಕಿ ಒಳಗ ಎಳೀವಲ್ವು, ಮೈ ಸುಡವಲ್ದು. ಹಂಗೇನಾರ ಇದ್ದಿದ್ರ ನಾನ ದವಾಖಾನಿಗೆ ಎತ್ಕೊಂಡು ಓಡ್ತಿದ್ದೆ. ಇದಕ್ಕ ಮೂಗು ಕಟ್ಟೈತಿ ನಮ್ಮವ್ವಾ. ಕುರಿಮರಿನೂ ಹಿಂಗ ಮೊಲಿ ಬಿಟ್ಟು ಒದರತೈತಿ. ಬಾಯಿಲೆ ಉಸಿರು ತಗೀಬೇಕೋ, ಹಾಲು ಕುಡೀಬೇಕೋ?”

ಆಮೇಲೆ ಕಿಟಕಿ ತೆರೆದಳು. ಬಿಸಿಲಿನಲ್ಲಿ ಹತ್ತಿಯ ಸಣ್ಣ ಸಣ್ಣ ಎಳೆಗಳು ತೇಲುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

“ಅಣ್ಣಾರ, ಇದು ಕೂಸಿನ ಕ್ವಾಣಿ ಏನು ಗಿರಣಿ? ತೊಟ್ಟಿಲ ಪಡಸಾಲಿಗೆ ಕಟ್ಟಸ್ರಿ.”

“ಗಾಳಿ ಬಡದೀತು!” ಅಪ್ಪ ಸಿಡುಕಿದರು.

“ಬೆಚ್ಚಗ ಸುತ್ತೇನಿ. ಸಂಜಿ ಒಳಗ ಕೂಸು ಹಾಲು ಕುಡೀಲಿಲ್ಲಂದ್ರ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ.”

ತೊಟ್ಟಿಲು ಪಡಸಾಲೆಗೆ ಬಂತು. ಕೂಸಿನ ಮೂಗಿಗೆ ಎಣ್ಣೆ ಬಿಡಲು ಬಂದ ಅವ್ವನ ಕೈಯನ್ನು ಬಸವಕ್ಕ ತಡೆದಳು. ಹಳೆಯ ಸೀರೆಯ ಮೆತ್ತನೆ ತುಂಡನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಮೂಗಿನ ತುದಿಯನ್ನು ಮೆಲ್ಲಗೆ ನೆನೆಸಿ ಒರೆಸಿದಳು. ಕೂಸಿನ ತಲೆಯನ್ನು ಕೊಂಚ ಎತ್ತರಿಸಿ ಹಿಡಿದು ಪದೇ ಪದೇ, ಸ್ವಲ್ಪಸ್ವಲ್ಪವೇ ಕುಡಿಸು ಎಂದು ನನಗೆ ಹೇಳಿದಳು. ಮಧ್ಯಾಹ್ನ ಕೂಸು ಜೋರಾಗಿ ಸೀನಿತು. ಸಿಂಬಳದ ಜೊತೆ ಒಂದು ಬಿಳಿ ಎಳೆ ಹೊರಬಿತ್ತು. ಆಮೇಲೆ ಮೊಲೆ ಹಿಡಿದವನು ಹೊಟ್ಟೆ ತುಂಬುವತನಕ ಬಿಡಲಿಲ್ಲ. ನಾನು ಸಂತೋಷಕ್ಕೆ ಗಳಗಳ ಅತ್ತೆ.

“ನಿನ್ನ ಹಾಲಿಗೇನೂ ಆಗಿಲ್ಲವ್ವ, ಸುಮ್ನಿರು,” ಅಂದಳು ಬಸವಕ್ಕ.

ಸಂಜೆ ಹತ್ತಿ ಮಂಡಿಯಿಂದ ಬಂದ ಅಪ್ಪ ಸುದ್ದಿ ಕೇಳಿ ಕೈ ಚಾಚಿ ತೊಟ್ಟಿಲಿನತ್ತ ನುಗ್ಗಿದರು. ರುಮಾಲು, ಹೆಗಲು, ಮೀಸೆ, ಎಲ್ಲದರ ಮೇಲೂ ಹತ್ತಿ. ಬಸವಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಲ್ರಿ. ಝಾಡಿಸ್ಕೊಂಡು ಬರ್ರಿ.”

ಮಂಡಿಯಲ್ಲಿ ಯಾರ ಮಾತಿಗೂ ಬಗ್ಗದ ನಮ್ಮಪ್ಪ ಅಂಗಳದಲ್ಲಿ ರುಮಾಲು ಬಿಚ್ಚಿ ಕೊಡವಿದರು. ಅಂಗಿ ಬದಲಿಸಿ, ಕೈಕಾಲು ತೊಳೆದು ಬಂದು, ಎರಡೂ ಕೈಗಳನ್ನು ಅವಳ ಮುಂದೆ ಚಾಚಿ ತೋರಿಸಿದರು. ಬಸವಕ್ಕ ಆ ಕೈಗಳನ್ನು ಹಿಂದೆ ಮುಂದೆ ತಿರುವಿ ನೋಡಿ, ಆಮೇಲೆ ಕೂಸನ್ನು ಕೊಟ್ಟಳು.