ಪಾಪಮ್ಮಕ್ಕನನ್ನು ನಂಬದ ಊರು

ನನ್ನ ಓರಗಿತ್ತಿ ಪಾಪಮ್ಮಕ್ಕನಂಥ ಹೆಂಗಸು ಲೋಕದಲ್ಲಿ ಇರುವುದಕ್ಕೆ ಸಾಧ್ಯವೇ ಇಲ್ಲವೆಂದು, ನಾನು ಮುಖವನ್ನೂ ನೋಡದ ಒಬ್ಬ ಹುಡುಗ ತೀರ್ಪು ಕೊಟ್ಟಿದ್ದಾನೆ. ಪಾಪಮ್ಮಕ್ಕ ಡೆಂಕಣಿಕೋಟೆ ಹತ್ತಿರದ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಹೊಸೂರಿಗೆ ಬರುವಾಗಲೆಲ್ಲ ಬಸ್ಸಿನ ಕಿಟಕಿ ಸೀಟಿಗೆ ಜಗಳವಾಡಿ, ಗೆದ್ದು, ಆ ಜಗಳವನ್ನು ನಮ್ಮ ಮನೆಯ ಹೊಸಿಲು ದಾಟುವ ಮೊದಲೇ ವರದಿ ಮಾಡುತ್ತಾಳೆ. ಇಲ್ಲದವರು ಇಷ್ಟು ಜೋರಾಗಿ ಇರುವುದನ್ನು ನಾನಂತೂ ಕಂಡಿಲ್ಲ.

ಸಂಗತಿ ಹೀಗೆ. ನನ್ನ ಮಗಳು ಚೈತ್ರ ಕೃಷ್ಣಗಿರಿಯಲ್ಲಿ ಕಾಲೇಜು ಓದುತ್ತಾಳೆ. ವಾರದ ಕೊನೆಗೆ ಮನೆಗೆ ಬಂದರೆ ಫೋನಿನಲ್ಲಿ ಒಂದು ಆಟ ಆಡುತ್ತಾಳೆ. ಗುಂಡು ಹಾರಿಸುವ ಆಟವಲ್ಲ. ಯಾರೂ ಕಾಣದ ಒಂದು ಬಂದರು ಪಟ್ಟಣವಿದೆ. ಬೇರೆ ಬೇರೆ ಊರಿನ ಮಕ್ಕಳು ಅಲ್ಲಿ ಒಂದೊಂದು ಪಾತ್ರ ತೊಟ್ಟುಕೊಂಡು, ತಮ್ಮ ಪಾತ್ರ ಏನು ಹೇಳಿತು, ಏನು ಮಾಡಿತು ಎಂದು ಬರೆಯುತ್ತಾರೆ. ಇನ್ನೊಬ್ಬರು ಅದಕ್ಕೆ ಉತ್ತರ ಬರೆಯುತ್ತಾರೆ. ಹೀಗೆ ಊರು ನಡೆಯುತ್ತದೆ. ನಾನು ಹೊಸೂರಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ತಪ್ಪಿದ ಊರನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಆ ಪಟ್ಟಣದ ತುಂಬ ರಾಜಕುಮಾರರು. ಉಳಿದವರು ನೂರಾರು ವರ್ಷ ಬದುಕಿದ ಮಂತ್ರವಾದಿಗಳು, ರಕ್ತ ಕುಡಿಯುವ ಜಮೀನ್ದಾರರು. ಮೀನು ಮಾರುವವರಿಲ್ಲ, ಬೀದಿ ಗುಡಿಸುವವರಿಲ್ಲ. ಇಷ್ಟೊಂದು ರಾಜಕುಮಾರರಿಗೆ ಅಡುಗೆ ಮಾಡಿ ಹಾಕುವವರು ಯಾರು ಎಂದು ಕೇಳಿದೆ.

"ಹಂಗಾರೆ ನೀನೇ ಬಾಮ್ಮ," ಅಂದಳು ಚೈತ್ರ. "ಮಾಮೂಲಿ ಮನುಷ್ಯರು ಕಮ್ಮಿ ಆಗಿದಾರೆ ಅಂತ ಅಡ್ಮಿನ್ನೂ ಹೇಳ್ತಾ ಇದ್ದ. ನಂಬೋ ಹಂಗಿರ್ಬೇಕು, ಅಷ್ಟೆ."

ಇದು ಹೊಸ ರೋಗವೇನಲ್ಲ. ನಮ್ಮ ಅಪ್ಪನ ಊರಿನಲ್ಲಿ ನಾಟಕ ಆಡಿಸುವಾಗಲೂ ರಾಜನ ಪಾತ್ರಕ್ಕೆ ಹೊಡೆದಾಟ. ಸೇವಕನ ಪಾತ್ರಕ್ಕೆ ಜನ ಸಿಗದೆ ಹಾರ್ಮೋನಿಯಂ ಮೇಷ್ಟ್ರೇ ಕುಳಿತ ಜಾಗದಿಂದ "ಅಪ್ಪಣೆ ಪ್ರಭು" ಅಂದುಬಿಡುತ್ತಿದ್ದರು. ಪಾತ್ರ ಎಂಬ ಮಾತಿಗೆ ಸಂಸ್ಕೃತದಲ್ಲಿ ಪಾತ್ರೆ ಎಂದೂ ಅರ್ಥವಿದೆಯಂತೆ. ಶಾಲೆಯ ಕನ್ನಡ ಪಂಡಿತರು ಹೇಳಿದ್ದು. ಹಾಗಿದ್ದರೆ ಒಳಗೆ ಏನಾದರೂ ಇರಬೇಕಷ್ಟೆ. ಖಾಲಿ ಪಾತ್ರೆ ಸದ್ದು ಮಾಡುತ್ತದೆ ಎಂಬುದಕ್ಕೆ ಆ ರಾಜಕುಮಾರರೇ ಸಾಕ್ಷಿ.

ಹೊಸದಾಗಿ ಕಟ್ಟುವ ಕಷ್ಟವೇ ಬೇಡವೆಂದು ನಾನು ಪಾಪಮ್ಮಕ್ಕನನ್ನು ಹಾಗೆಯೇ ಎತ್ತಿ ಅಲ್ಲಿಟ್ಟೆ. ಹೆಸರು ಮಾತ್ರ ಬದಲು. ಸಂತೆಯಲ್ಲಿ ರಾಗಿ, ಅವರೆಕಾಯಿ ಮಾರುವ ಹೆಂಗಸು. ದನಗಳ ಜೊತೆ ತೆಲುಗು, ವ್ಯಾಪಾರಕ್ಕೆ ತಮಿಳು, ಬೈಯುವುದಕ್ಕೆ ಕನ್ನಡ. ಸಿಟ್ಟು ನೆತ್ತಿಗೇರಿದರೆ ಮೂರೂ ಒಂದೇ ಉಸಿರಿನಲ್ಲಿ. ಬೀದಿಯಲ್ಲಿ ಬಿದ್ದ ದಾರದ ತುಂಡನ್ನೂ ಎತ್ತಿ ಸೆರಗಿಗೆ ಗಂಟು ಹಾಕಿಕೊಳ್ಳುವ ಜಿಪುಣಿ, ದಾರಿಹೋಕರನ್ನು ಕರೆದು ಕೂರಿಸಿ ಮುದ್ದೆ ಇಕ್ಕುವವಳೂ ಅವಳೇ. ದೇವರಿಗೆ ಹರಕೆ ಹೊರುತ್ತಾಳೆ, ಕೆಲಸ ಆಗದಿದ್ದರೆ ದೇವರ ಜೊತೆ ಮಾತು ಬಿಡುತ್ತಾಳೆ. ಜವಳಗಿರಿ ಕಾಡಿನ ಆನೆಯೊಂದು ರಾಗಿ ಹೊಲಕ್ಕೆ ಇಳಿದಾಗ ತಗಡಿನ ಡಬ್ಬ ಬಡಿದು ಓಡಿಸಿದ್ದಳು. ಅದನ್ನೂ ಸೇರಿಸಿದೆ. ಬರೆದು ಮುಗಿಸಿ ಓದಿದಾಗ ಅವಳೇ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಂತಿತ್ತು.

ಯಾವ ಪಾತ್ರ ಊರೊಳಗೆ ಬರಬಹುದೆಂದು ಒಪ್ಪಿಗೆ ಕೊಡುವವನು ಅಡ್ಮಿನ್ ಎಂಬ ಆ ಹುಡುಗ. ಆಟದಲ್ಲಿ ತನ್ನನ್ನು ಕತ್ತಲ ಪ್ರಭು ಎಂದು ಕರೆದುಕೊಳ್ಳುತ್ತಾನೆ. ಕತ್ತಲ ಪ್ರಭು ಬಲು ಮರ್ಯಾದೆಯಿಂದ ನನ್ನ ಪಾತ್ರವನ್ನು ವಾಪಸು ಕಳಿಸಿದ. ಒಬ್ಬರೇ ಇಷ್ಟು ಭಾಷೆ ಬೆರೆಸುವುದು ಗೊಂದಲ, ಒಂದನ್ನು ಆರಿಸಿಕೊಳ್ಳಿ. ಈಕೆ ಜಿಪುಣಿಯೋ ದಾನಿಯೋ ಮೊದಲು ತೀರ್ಮಾನಿಸಿ. ಆಯುಧವಿಲ್ಲದ ಹೆಂಗಸು ಆನೆಯನ್ನು ಓಡಿಸಿದಳೆಂದರೆ ಯಾರು ನಂಬುತ್ತಾರೆ? ಮಂತ್ರಶಕ್ತಿ ಕೊಡಿ, ಇಲ್ಲವೇ ಆನೆಯನ್ನು ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಈಕೆಯ ಮನಸ್ಸಿನ ಗಾಯ ಯಾವುದು? ಅದಿಲ್ಲದೆ ಪಾತ್ರಕ್ಕೆ ಜೀವವಿಲ್ಲ.

ನನಗೆ ಮೈಯೆಲ್ಲ ಉರಿಯಿತು. ರಕ್ತ ಕುಡಿದು ನೂರಾರು ವರ್ಷ ಬದುಕುವ ಜಮೀನ್ದಾರನನ್ನು ಕಣ್ಣು ಮಿಟುಕಿಸದೆ ನಂಬುವವನಿಗೆ ಡಬ್ಬ ಬಡಿಯುವ ಹೆಂಗಸು ನಂಬಲಾಗದವಳಾದಳು. ಭಾಷೆಯ ಮಾತಂತೂ ಕೇಳುವುದೇ ಬೇಡ. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಅವನನ್ನು ನಿಲ್ಲಿಸಬೇಕು. ಕಂಡಕ್ಟರು ತಮಿಳಿನಲ್ಲಿ ಕೇಳುತ್ತಾನೆ, ಸೂಳಗಿರಿಯ ರೈತ ತೆಲುಗಿನಲ್ಲಿ ಉತ್ತರ ಕೊಡುತ್ತಾನೆ, ಚಿಲ್ಲರೆಯ ಜಗಳ ಕನ್ನಡದಲ್ಲಿ ನಡೆಯುತ್ತದೆ, ಯಾರಿಗೂ ಏನೂ ಆದಂತೆ ಅನ್ನಿಸುವುದಿಲ್ಲ. ನಾವೆಲ್ಲ ಗೊಂದಲವೇ? ಇನ್ನು ಜಿಪುಣಿಯೋ ದಾನಿಯೋ ಎಂದು ತೀರ್ಮಾನಿಸುವುದು. ಮೂವತ್ತು ವರ್ಷ ಒಂದೇ ಮನೆತನದಲ್ಲಿ ಬಾಳಿ ನಾನೇ ತೀರ್ಮಾನಿಸಲಾಗದ್ದನ್ನು ಇವನಿಗಾಗಿ ಒಂದು ಸಾಯಂಕಾಲದಲ್ಲಿ ಮಾಡಬೇಕಂತೆ.

ಮನಸ್ಸಿನ ಗಾಯ ಯಾರಿಗಿಲ್ಲ? ಆದರೆ ಪಾಪಮ್ಮಕ್ಕ ಅದನ್ನು ಹಣೆಗೆ ಹಚ್ಚಿಕೊಂಡು ಸಂತೆಗೆ ಬರುವವಳಲ್ಲ. ಅವರೆಕಾಯಿ ಕೊಳ್ಳಲು ಬಂದವರಿಗೆ ಅದನ್ನು ಹೇಳಬೇಕಾದ ದರ್ದು ಅವಳಿಗೇನಿದೆ?

ಸಿಟ್ಟಿನಲ್ಲಿ, ಕುಕ್ಕರು ಕೂಗುವುದರೊಳಗೆ, ಇನ್ನೊಂದು ಬರೆದೆ. ಒಂದೇ ಭಾಷೆ. ಆನೆ ರದ್ದು. ಜಿಪುಣತನ, ಮುದ್ದೆ ಎರಡೂ ರದ್ದು. ರಾಕ್ಷಸ ಸೈನ್ಯ ಊರನ್ನು ಸುಟ್ಟಿತು, ತಮ್ಮ ಕಾಣೆಯಾದ, ಕೆನ್ನೆಯ ಮೇಲೆ ಕತ್ತಿಯ ಗುರುತು, ಸೇಡು ತೀರುವವರೆಗೆ ನಗುವುದಿಲ್ಲವೆಂಬ ಪ್ರತಿಜ್ಞೆ. ಅನ್ನ ಬೇಯುವ ಮೊದಲೇ ಉತ್ತರ ಬಂತು. ತುಂಬ ನೈಜವಾಗಿದೆ, ಇಂಥ ಮನುಷ್ಯರೇ ನಮ್ಮ ಊರಿಗೆ ಬೇಕಾಗಿದ್ದರು ಎಂದು ಕತ್ತಲ ಪ್ರಭು ಹರಸಿದ್ದ.

ಮುಂದಿನ ಭಾನುವಾರ ಪಾಪಮ್ಮಕ್ಕ ಚೀಲದ ತುಂಬ ಅವರೆಕಾಯಿ ಹೊತ್ತು ಬಂದಳು. ನನಗೆ ನನ್ನ ಪರವಾಗಿ ಒಬ್ಬರು ಬೇಕಾಗಿತ್ತು. ಕಾಯಿ ಸುಲಿಯಲು ಕೂತಾಗ ಚೈತ್ರ ಮತ್ತು ನಾನು ಆಟದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆವು.

"ನನ್ನ ಆಟದಾಗೆ ಹಾಕ್ಕಂಡಿದ್ಯಾ?" ಅಂದಳು ಅಕ್ಕ. "ನಾನೇನ್ ಮಾಡ್ತಿದ್ದೆ ಅಲ್ಲಿ?"

"ರಾಗಿ ಮಾರ್ತಿದ್ದೆ ಅಕ್ಕ. ನೀನು ಇರೋ ಹಂಗೇ ಬರೆದಿದ್ದೆ. ಅವನು ಬ್ಯಾಡ ಅಂದ."

ಅಕ್ಕನ ಕೈ ನಿಂತಿತು. "ಅಲ್ಲೂ ರಾಗೀನಾ? ಇಲ್ಲಿ ಬಿತ್ತಿ, ಕುಯ್ದು, ಕೇರಿದ್ದು ಸಾಲ್ದು ಅಂತ ಅಲ್ಲೂ ನನ್ ಕೈಗೆ ಮೊರ ಕೊಟ್ಯಾ? ಸುಳ್ಳು ಊರು ತಾನೆ ಶಾಂತಾ ಅದು? ಸುಳ್ಳೂರ್ನಾಗಾದ್ರೂ ಒಸಿ ಕುಂತ್ಕಬಾರ್ದಾ ನಾನು?"

ನಾನು ಆನೆಯ ಅವಮಾನವನ್ನು ಎತ್ತಿದೆ. ಅದಕ್ಕಾದರೂ ಅವಳು ಸಿಡಿಯುತ್ತಾಳೆಂದು ನನ್ನ ಆಸೆ.

"ನಂಬ್ದಿದ್ರೆ ಬಿಡ್ಲಿ. ಅದೇನ್ ಒಳ್ಳೆ ಕೆಲ್ಸಾನ? ಪ್ರಾಣ ಬಾಯಿಗೆ ಬಂದಿತ್ತು. ಇನ್ನೊಂದ್ ಕಿತ ಮಾಡು ಅಂದ್ರೆ ಮಾಡಾಕಿಲ್ಲ." ಆಮೇಲೆ ಚೈತ್ರಳ ಕಡೆ ತಿರುಗಿದಳು. "ಅಮ್ಮಯ್ಯ, ಅಲ್ಲಿ ಏನ್ ಬೇಕಾರೂ ಆಗ್ಬೋದಾ?"

"ಆಗ್ಬೋದು ದೊಡ್ಡಮ್ಮ."

"ಸಮುದ್ರ ಐತಾ?"

"ಸಮುದ್ರದ ಪಕ್ಕಾನೇ ಊರು."

"ಹಂಗಾರೆ ನಂಗೊಂದು ಹಡಗು ಬರಿ."

ಪಾಪಮ್ಮಕ್ಕ ಸಮುದ್ರ ನೋಡಿಲ್ಲ. ಮನೆಯವರೆಲ್ಲ ರಾಮೇಶ್ವರಕ್ಕೆ ಹೊರಟ ವರ್ಷ ಹಸು ಕರು ಹಾಕುವುದಿತ್ತು; ಯಾರಾದರೂ ಉಳಿಯಬೇಕಾಗಿತ್ತು, ಅವಳು ಉಳಿದಳು. ನಾವು ವಾಪಸು ಬಂದು ಅಲೆಯ ವಿಷಯ, ಮರಳಿನ ವಿಷಯ ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರೆ ಅವಳು ಎಲ್ಲರಿಗೂ ಗಿಣ್ಣು ಕಾಯಿಸಿ ಕೊಟ್ಟಿದ್ದಳು. ಅಂದಿನಿಂದ ಒಂದು ದಿನವೂ ಆ ಮಾತೆತ್ತಿದವಳಲ್ಲ.

ಈಗ ಅವರೆಕಾಯಿಯ ಸಿಪ್ಪೆಗಳ ನಡುವೆ ಕೂತು ಬರೆಸಿದಳು. ಹಡಗಿನ ಯಜಮಾನಿ, ಇಪ್ಪತ್ತೈದು ವಯಸ್ಸು. ಓದಿದವಳು, ನಕಾಶೆ ನೋಡಿ ದಿಕ್ಕು ಹೇಳುವವಳು. ಮದುವೆ ಆಗಿಲ್ಲ, ಆಗುವ ಯೋಚನೆಯೂ ಇಲ್ಲ. ಹಡಗಿನಲ್ಲಿ ಅಡುಗೆಗೆ ಇಬ್ಬರು, ಇಬ್ಬರೂ ಗಂಡಸರು. ಕತ್ತಲ ಪ್ರಭು ಎಂದಿನಂತೆ ಕೇಳಿದ, ಈಕೆ ಏನನ್ನು ಹುಡುಕುತ್ತಿದ್ದಾಳೆ?

"ಏನೂ ಹುಡುಕ್ತಿಲ್ಲ ಅಂತ ಬರಿಯಮ್ಮಯ್ಯ. ನೋಡ್ತಾವ್ಳೆ, ಅಷ್ಟೆ."

ಪಾತ್ರ ಒಪ್ಪಿಗೆಯಾಯಿತು. ನಿಗೂಢವಾಗಿದೆ ಎಂಬ ಹೊಗಳಿಕೆ ಬೇರೆ. ಇದನ್ನು ಓದುತ್ತಿರುವ ನೀವೇ ನ್ಯಾಯ ಹೇಳಿ. ನಾನು ಗಾಯ ಬರೆಯದಿದ್ದರೆ ಜೀವವಿಲ್ಲ, ಅಕ್ಕ ಏನೂ ಬರೆಸದಿದ್ದರೆ ನಿಗೂಢ. ಅದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಬಂದದ್ದು ಅಕ್ಕನ ಮೇಲೆ. ಅವಳಿಗಾಗಿ ನಾನು ವಾದ ಮಾಡುತ್ತಿದ್ದರೆ ಅವಳು ನನ್ನನ್ನೂ ರಾಗಿಯನ್ನೂ ದಡದಲ್ಲೇ ಬಿಟ್ಟು ಹಡಗು ಹತ್ತಿಬಿಟ್ಟಳು. ಇದನ್ನು ಚೈತ್ರಳ ಹತ್ತಿರ ಹೇಳಿಕೊಂಡೆ.

"ನೀನ್ಯಾಕೆ ಗಣಿತದ ಟೀಚರ್ ಆಗಿ ಬರ್ಲಿಲ್ಲ?" ಅಂದಳು ಅವಳು.

ಸತ್ಯವಾಗಿ ಹೇಳುತ್ತೇನೆ, ಅದು ನನಗೆ ಹೊಳೆದೇ ಇರಲಿಲ್ಲ. ಮನುಷ್ಯರನ್ನು ಇದ್ದ ಹಾಗೆ ಬರೆಯಬೇಕೆಂದು ಹಟ ಹಿಡಿದವಳು ನನ್ನನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಟಿದ್ದೆ. ದಿನಕ್ಕೊಂದು ಭಿನ್ನರಾಶಿ ತಿದ್ದುವ ಶಾಂತಾಳಿಗಿಂತ ಆನೆ ಓಡಿಸಿದ ಹೆಂಗಸಾಗುವುದು ನನಗೂ ಬೇಕಾಗಿತ್ತೋ ಏನೋ. ಆ ಕತ್ತಲ ಪ್ರಭುವೂ ಎಲ್ಲೋ ಅಮ್ಮನ ಕೈಲಿ ಬೈಸಿಕೊಂಡು ನೀರಿನ ಕ್ಯಾನು ಹೊರುತ್ತಿರಬೇಕು. ನಂಬುವಂಥ ಮನುಷ್ಯ ಬೇಕೆಂದರೆ ಇನ್ನೇನು, ಇನ್ನೊಬ್ಬರಾಗಲು ಹವಣಿಸುತ್ತಿರುವ ಯಾರನ್ನು ಹಿಡಿದರೂ ಆಯಿತು. ಹಾಗೆಂದು ಆನೆಯ ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ.

ಈಗ ಚೈತ್ರಳಿಗೆ ಪರೀಕ್ಷೆ. ಅಕ್ಕನ ಪಾತ್ರವನ್ನು ಟೈಪು ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಮೊನ್ನೆ ಶಾಲೆಯಲ್ಲಿ ಉತ್ತರಪತ್ರಿಕೆಗಳ ರಾಶಿ ಬಿದ್ದಿದ್ದರಿಂದ, ಹಡಗು ಬಂದರಿಗೆ ಬಂದು ತಂಗಿತು ಎಂದು ಬರೆದು ಕೈ ತೊಳೆದುಕೊಂಡೆ. ಸಂಜೆ ಅಕ್ಕನ ಫೋನು. ಹಿಂದೆ ದನ ಕೂಗುತ್ತಿತ್ತು, ಭಾವ ಯಾವುದಕ್ಕೋ ಕರೆಯುತ್ತಿದ್ದರು.

"ಎಲ್ಲಿಗೆ ಬಂತೇ ಹಡಗು?"

"ದಡಕ್ಕೆ ಬಂದು ನಿಂತೈತೆ ಅಕ್ಕ."

"ಯಾರ್ ತರಾಕ್ ಹೇಳಿದ್ರು ನಿಂಗೆ?" ಅಂದಳು. "ತಿರುಗ್ಸು."