ಅತ್ತಿಮರದ ಬುಡದ ಸೋರಿಕೆ

ತೊಗರ್ಸಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಹುಲಿಯಪ್ಪ. ಮುಕ್ಕಾಲು ಮೈಲಿಯ ಮಣ್ಣಿನ ಕಾಲುವೆಯಲ್ಲಿ ಏಡಿ ಎಲ್ಲಿ ಬಿಲ ತೋಡಿದೆ, ದಂಡೆ ಎಲ್ಲಿ ಮೆತ್ತಗಾಗಿದೆ ಎಂಬುದು ಅವನಿಗೆ ನಡೆಯುತ್ತಲೇ ತಿಳಿಯುತ್ತಿತ್ತು. ಜೇಡಿಮಣ್ಣು ಮೆತ್ತಿ ಅವನು ಮುಚ್ಚದ ತೂತಿರಲಿಲ್ಲ, ಒಂದನ್ನು ಬಿಟ್ಟು.

ಅದು ಅತ್ತಿಮರದ ಬುಡದಲ್ಲಿತ್ತು. ಅಲ್ಲಿ ಜಿನುಗಿದ ನೀರು ಗುಡ್ಡಮ್ಮನ ಹತ್ತು ಗುಂಟೆಯನ್ನು ಹಸಿಯಾಗಿಡುತ್ತಿತ್ತು. ಕಾಲುವೆಯ ಸರದಿಯಲ್ಲಿ ಆ ಗದ್ದೆಗೆ ಪಾಲಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಕೆರೆಯ ಏರಿ ಬಿರಿದಾಗ ಹುಲಿಯಪ್ಪ ಕರೆದನೆಂದು ಓಡಿಬಂದು, ಮಣ್ಣು ತುಂಬುತ್ತ ಕೊಚ್ಚಿಹೋದವನು ಅವಳ ಗಂಡ ಕಲ್ಲಪ್ಪ.

೧೯೫೮ರ ಬೇಸಿಗೆಯಲ್ಲಿ ಕಾಲುವೆಯನ್ನು ಕಲ್ಲು, ಸಿಮೆಂಟಿನಿಂದ ಕಟ್ಟಿಸಲು ಸರ್ಕಾರದ ಓವರ್ಸಿಯರ್ ಬಂದರು. ದಾರಿಯ ಮಣ್ಣೇ ಹೀರಿ, ತೂಬಿನಿಂದ ಬಿಟ್ಟ ನೀರು ಅರ್ಧದಷ್ಟೂ ಕೊನೆ ಮುಟ್ಟುತ್ತಿಲ್ಲ ಎಂದು ಅಳೆದು ಹೇಳಿದರು. ಕೊನೆಯ ಗದ್ದೆ ಶಾಂತವೀರಪ್ಪನದು. ತೆನೆ ಹಾಲುಗಟ್ಟುವ ಹೊತ್ತಿಗೆ ಅವನ ಬೆಳೆ ಬಾಡುವುದನ್ನು ಊರೇ ಕಂಡಿತ್ತು.

ಕಲ್ಲು ಕೂತರೆ ಗುಡ್ಡಮ್ಮನ ಗದ್ದೆ ಒಣಗುತ್ತದೆ. ಅವಳಿಗೊಂದು ಕಿಂಡಿ ಕೇಳಬೇಕು. ಕೇಳಬೇಕಾದರೆ ಕಾರಣ ಹೇಳಬೇಕು. ಹುಲಿಯಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಓವರ್ಸಿಯರನ್ನೂ ಗದ್ದೆಯವರನ್ನೂ ಅತ್ತಿಮರದ ಹತ್ತಿರ ಕರೆದೊಯ್ದ.

"ಇಲ್ಲೊಂದು ಸೋರ್ತೈತ್ರೀ. ಬೇಕಂತಲೇ ಮುಚ್ಚದೆ ಬಿಟ್ಟೀನಿ."

"ಎಷ್ಟು ವರ್ಷ ಆತು?" ಎಂದ ಶಾಂತವೀರಪ್ಪ.

"ಹನ್ನೊಂದು."

"ನನ್ನ ಗದ್ದೆ ಒಣಗಿದ್ದು ನಿನಗೆ ಕಾಣಲಿಲ್ಲೇನು?"

"ಕಂಡಿತ್ರೀ. ಕಂಡೂ ಬಿಟ್ಟೆ. ಕಲ್ಲಪ್ಪನ್ನ ಏರಿ ಮ್ಯಾಲೆ ಕರೆದವ ನಾನು."

ಗುಡ್ಡಮ್ಮ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. "ನಾನು ಒರತೆ ಅಂದ್ಕೊಂಡಿದ್ದೆ," ಎಂದಳು. "ಇನ್ನೊಬ್ಬರ ನೀರು ಅಂತ ಗೊತ್ತಿದ್ರೆ ಆ ಅನ್ನ ಉಣ್ತಿರಲಿಲ್ಲ."

ಶಾಂತವೀರಪ್ಪ ಬಾಗಿ ಆ ಒದ್ದೆ ಮಣ್ಣನ್ನು ಮುಟ್ಟಿ ನೋಡಿದ. ಆಮೇಲೆ ಓವರ್ಸಿಯರ್ ಕಡೆ ತಿರುಗಿದ.

"ಇಲ್ಲೊಂದು ಕಿಂಡಿ ಇಡ್ರೀ. ಕಾಲುವೆ ಕಟ್ಟಿದ ಮ್ಯಾಲೆ ನೀರು ಹೆಚ್ಚು ಬರ್ತೈತೆ ಅಂತೀರಲ್ಲ, ನನ್ನ ಸರದಿಯೊಳಗೆ ಅರ್ಧ ಗಂಟೆ ಈ ಯಮ್ಮಗೆ ಇರಲಿ. ಆದ್ರೆ ತೂಬಿಗೆ ಇನ್ನು ಇವನ ಕೈ ಬೇಡ."

ಊರು ಒಪ್ಪಿತು. ಹುಲಿಯಪ್ಪ ಅಂದೇ ತೂಬಿನ ಕೆಲಸ ಬಿಟ್ಟ. ಅದೇ ಕಾಲುವೆಗೆ ಕೂಲಿಯವನಾಗಿ ಕಲ್ಲು ಹೊತ್ತ. ಕಿಂಡಿಯ ಕಲ್ಲನ್ನು ಮಾತ್ರ ಮೇಸ್ತ್ರಿಯನ್ನು ಕೇಳಿ ತಾನೇ ಕೂರಿಸಿದ.

ಆ ವರ್ಷ ಶಾಂತವೀರಪ್ಪನ ಗದ್ದೆ ಕಡೆಯ ತೆನೆಯವರೆಗೂ ತುಂಬಿತು. ಗುಡ್ಡಮ್ಮ ತನ್ನ ಅರ್ಧ ಗಂಟೆಯ ನೀರನ್ನು ತಾನೇ ಸನಿಕೆ ಹಿಡಿದು ತಿರುಗಿಸಿಕೊಂಡಳು. ಹುಲಿಯಪ್ಪ ಅದನ್ನು ನೋಡಲು ಊರಲ್ಲಿರಲಿಲ್ಲ. ಮೇಸ್ತ್ರಿಯ ಹಿಂದೆ ಸೊರಬದ ಕಡೆ ಹೋಗಿ, ಚಂದ್ರಗುತ್ತಿಯ ಸುತ್ತಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಾಲುವೆ ಕಟ್ಟಿದ. ಅವನು ಕಲ್ಲಿನ ಸಂದು ತುಂಬಿದ ಕಡೆ ಹನಿ ನೀರೂ ಸೋರುವುದಿಲ್ಲವೆಂದು ಜನ ಹೇಳುತ್ತಿದ್ದರು. ಆದರೆ ಶಾಂತವೀರಪ್ಪನ ಮಾತು ಅಲ್ಲಿಗೂ ಸಲ್ಲುವುದೆಂಬಂತೆ, ಹೊಸ ಕಾಲುವೆಗೆ ನೀರು ಬಿಡುವ ದಿನ ಅವನು ಯಾವ ಊರಲ್ಲೂ ನಿಲ್ಲುತ್ತಿರಲಿಲ್ಲ.