ಗುಬ್ಬಿ ಒಳಗೈತೆ

ಗಾಳಿ ಸೋಕುವುದು, ಮೈಮೇಲೆ ಬರುವುದು ಎಂಬ ಮಾತು ಕೇಳಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಈ ಕೆಲಸಕ್ಕೆ ಸೇರಿದ ಮೇಲೆ ಸಿಟ್ಟು ಬರತೊಡಗಿತು. ಇದನ್ನು ಓದಿ ನಾನು ಬದಲಾದೆನೆಂದು ಯಾರೂ ತಿಳಿಯಬೇಡಿ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ನಾನು ಹಾಸನದಲ್ಲಿ ಮಕ್ಕಳ ಆಪ್ತಸಮಾಲೋಚಕಿ. ನಾಲ್ಕು ವರ್ಷದ ಹಿಂದೆ ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯೊಂದಕ್ಕೆ ಹೋಗಬೇಕಾಯಿತು. ಎಂಟು ವರ್ಷದ ಹುಡುಗಿ. ಅಮ್ಮನನ್ನು ಅಪ್ಪನೇ ಹೊಡೆದು ಕೊಂದದ್ದನ್ನು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಮಾತೇ ಇಲ್ಲ. ತಾಯಿಯ ತವರಿನಲ್ಲಿ, ಅಜ್ಜಿಯ ಜೊತೆ ಇದ್ದಳು. ನನ್ನ ಮೇಲಧಿಕಾರಿಗೆ ಅವಳ ಹೇಳಿಕೆ ಬೇಕಿತ್ತು. "ಹೇಗಾದರೂ ಬಾಯಿ ಬಿಡಿಸಿ" ಎಂದು ಫೋನಿನ ಮೇಲೆ ಫೋನು. ಬಿಡಿಸುವುದಿಲ್ಲ ಎಂದೆ. ಮೂರು ವಾರ ಸುಮ್ಮನೆ ಅವಳ ಪಕ್ಕ ಕೂತು ಬಂದೆ.

ನಾಲ್ಕನೆಯ ಸಲ ಹೋದಾಗ ಸೋದರಮಾವ ಆಟೋ ತಂದು ನಿಲ್ಲಿಸಿದ್ದ.

"ಗಾಳಿ ಸೋಕೈತೆ ಮೇಡಂ. ಪೂಜಾರಪ್ಪ ಬೇವಿನ ಸೊಪ್ನಲ್ಲಿ ನಾಕು ಬಿಟ್ರೆ ತಾನೇ ಮಾತಾಡ್ತಾಳೆ."

"ಹೊಡೆತ ನೋಡಿನೇ ಮಾತು ನಿಂತಿರೋದು. ಮತ್ತೆ ಹೊಡೆಸ್ತೀರಾ?" ಎಂದು ಬಾಗಿಲಿಗೆ ಅಡ್ಡ ನಿಂತೆ.

ಅಜ್ಜಿಯೂ ಬಂದು ನನ್ನ ಪಕ್ಕ ನಿಂತರು. "ಮೊಗ ಎಲ್ಲೂ ಬರಾಕಿಲ್ಲ, ಓಗ್ಲಾ!" ಎಂದು ಮಗನನ್ನು ಗದರಿದರು. ಆಟೋ ಖಾಲಿಯಾಗಿಯೇ ಹೊರಟುಹೋಯಿತು.

ಜಗಲಿಯ ಮೇಲೆ ಕುಸಿದು ಕೂತೆ. ಹುಡುಗಿ ಬಂದು ನನ್ನ ಎಡಗೈ ಹಿಡಿದಳು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಉಳಿದ ಬೆರಳುಗಳಿಂದ ಮುಚ್ಚಿ, "ಗುಬ್ಬಿ ಒಳಗೈತೆ, ಸದ್ದು ಮಾಡ್ಬ್ಯಾಡ" ಎಂದು ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ಬೆರಳು ಬಿಡಿಸಿದಳು. "ಈಗ ಬುಟ್ಬುಡಕ್ಕ, ಆರ್ಕೊಂಡೋಗ್ಲಿ."

ನಾನು ಬಾಗೂರಿನವಳು, ಆ ಹಳ್ಳಿಯ ನಂಟೇ ಇಲ್ಲದವಳು. ಅವಳ ವಯಸ್ಸಿನಲ್ಲಿ ನನ್ನನ್ನು ದೊಡ್ಡಪ್ಪ ಸಣ್ಣ ತಪ್ಪಿಗೂ ಕತ್ತಲೆ ಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದರು. ಅಲ್ಲಿ ಹೆದರಿಕೆ ತಡೆಯಲು ನಾನೇ ಕಟ್ಟಿಕೊಂಡ ಆಟ ಅದು. ಅದೇ ಕೈ, ಅದೇ ಬೆರಳು, ಅದೇ ಮಾತು. ಅಮ್ಮನಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಗುಬ್ಬಿಯನ್ನು ಬಿಡುವ ಭಾಗ ಮಾತ್ರ ನನ್ನ ಆಟದಲ್ಲಿ ಇರಲಿಲ್ಲ.

ವರದಿಯಲ್ಲಿ ‘ಮಗು ಮಾತಾಡಿತು’ ಎಂದಷ್ಟೇ ಬರೆದೆ. ಏನು ಮಾತಾಡಿತು ಎಂದು ಅಧಿಕಾರಿ ಕೇಳಿದರು. "ಅದು ನನಗೆ ಹೇಳಿದ ಮಾತು ಸಾರ್, ಫೈಲಿಗಲ್ಲ" ಎಂದೆ. ಮೆಮೋ ಬಂತು. ಬರಲಿ.

ಎಲ್ಲ ಮಕ್ಕಳೂ ಅಂಥ ಆಟ ಆಡುತ್ತಾರೆ ಎಂದರು ಸಹೋದ್ಯೋಗಿಯೊಬ್ಬರು. ಎಷ್ಟೋ ಜನರನ್ನು ವಿಚಾರಿಸಿದೆ, ಆಡಿದವರು ಒಬ್ಬರೂ ಸಿಗಲಿಲ್ಲ. ಅವಳಮ್ಮನೇ ಮೈಮೇಲೆ ಬಂದು ನುಡಿದಳು ಎಂದ ಸೋದರಮಾವ. ಅದನ್ನೂ ನಾನು ಒಪ್ಪಲಿಲ್ಲ. ಹುಡುಗಿ ಈಗ ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದಾಳೆ, ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಅವಳನ್ನೇ ಕೇಳಬಹುದು. ಕೇಳಿಲ್ಲ. ಕೇಳುವುದೂ ಇಲ್ಲ.